ನಮ್ಮ ಮನೆಯ ಎರಡನೆಯ ಬಾಣಂತಿ

ಒಬ್ಬ ಬಾಣಂತಿಯನ್ನು ನಾನು ಜ್ವರದ ಮೈಯಲ್ಲೇ ಮನೆಯಿಂದ ಹೊರಗೆ ಹಾಕಿದ್ದೇನೆ. ಅವಳು ಬಾಣಂತಿಯೆಂದು ಗೊತ್ತಿರಲಿಲ್ಲ ಎಂದು ಬರೆದುಬಿಟ್ಟರೆ ಸುಲಭವಾಗುತ್ತಿತ್ತು — ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಆಗ ನಾನೂ ಬಾಣಂತಿ.

ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಆಗ ನಮ್ಮ ಮನೆ. ಗಂಡನಿಗೆ ಹಮದ್ ಬಂದರಿನಲ್ಲಿ ಕೆಲಸ. ಎರಡನೆಯ ಮಗು ಹುಟ್ಟಿದಾಗ ಬಾಣಂತನಕ್ಕೆಂದು ಅಮ್ಮ ಕಾರ್ಕಳದಿಂದ ದೋಹಾಕ್ಕೆ ಬಂದರು. ಪೆಟ್ಟಿಗೆ ತುಂಬ ಲೇಹ, ಎಣ್ಣೆ, ಓಲೆಬೆಲ್ಲ. ಆದರೆ ಮಂಡಿನೋವಿನ ಅಮ್ಮನಿಗೆ ಬಗ್ಗಿ ನೀರು ಹೊಯ್ಯುವುದು ಆಗುತ್ತಿರಲಿಲ್ಲ. ಹಾಗಾಗಿ ಏಜೆನ್ಸಿಯಿಂದ ಕೆನ್ಯಾದ ಅಕಿನಿಯನ್ನು ಕರೆಸಿಕೊಂಡೆವು. ಬಂದ ಕೆಲಸದವಳು ಮೊದಲ ಕೆಲವು ತಿಂಗಳಲ್ಲಿ ಹಿಡಿಸದಿದ್ದರೆ ವಾಪಸು ಕೊಟ್ಟು ಬೇರೆಯವಳನ್ನು ಪಡೆಯಬಹುದು ಎಂದು ಏಜೆನ್ಸಿಯವನು ಹೇಳಿದ್ದ. ಅದಕ್ಕೆ ಅವನು ಗ್ಯಾರಂಟಿ ಎನ್ನುತ್ತಿದ್ದ, ನಾವೂ ಗ್ಯಾರಂಟಿ ಎಂದೆವು. ಮಿಕ್ಸಿಗೆ ಹೇಳುವ ಹಾಗೆ. ಆಗ ನನಗೆ ಆ ಮಾತು ಹೇಸಿಗೆ ಎನಿಸಲೇ ಇಲ್ಲ.

ದಿನವೂ ನನ್ನ ಸೊಂಟಕ್ಕೆ ಬಿಸಿನೀರು ಹೊಯ್ದವಳು, ಬೆನ್ನಿಗೆ ಎಣ್ಣೆ ತಿಕ್ಕಿದವಳು, ಹಳೆಯ ಸೀರೆಯಿಂದ ನನ್ನ ಹೊಟ್ಟೆ ಬಿಗಿದು ಕಟ್ಟಿದವಳು ಅಕಿನಿ. ನಗುತ್ತಲೇ ಮಾಡುತ್ತಿದ್ದಳು. ನಗದಿದ್ದ ದಿನ ನಾನು, ಯಾಕೆ ಮುಖ ಊದಿಸಿಕೊಂಡಿದ್ದಿ ಎಂದು ಕೇಳುತ್ತಿದ್ದೆ. ದುಡಿದರೆ ಸಾಲದು, ಸಂತೋಷದಿಂದ ದುಡಿಯುತ್ತಿದ್ದಾಳೆಂದು ನನಗೆ ಕಾಣಲೂ ಬೇಕಿತ್ತು.

ಗೆಳತಿಯರು ಮಗು ನೋಡಲು ಬಂದ ದಿನ ಅದು ತೊಟ್ಟಿಲಲ್ಲಿ ಅತ್ತಿತು. ಚಹಾದ ಟ್ರೇ ಹಿಡಿದು ನಿಂತಿದ್ದ ಅಕಿನಿಯ ಅಂಗಿ ಎದೆಯ ಬಳಿ ಒದ್ದೆಯಾಯಿತು. ಅದು ಬೆವರಲ್ಲ ಎಂದು ಹೆತ್ತ ಹೆಂಗಸಿಗೆ ಯಾರೂ ಹೇಳಬೇಕಾಗಿಲ್ಲ. ಅಲ್ಲಿ ಕುಳಿತವರೆಲ್ಲ ಹೆತ್ತವರೇ. ಎಲ್ಲರೂ ಬೇರೆ ಕಡೆ ನೋಡುತ್ತ ಚಹಾ ಕುಡಿದೆವು. ಆಮೇಲೆ ನಾನು ಅಡುಗೆಮನೆಗೆ ಹೋಗಿ ಅವಳಿಗೊಂದು ದಪ್ಪ ಶಾಲು ಕೊಟ್ಟು, ಬಂದವರೆದುರು ಹೀಗೆಲ್ಲ ಅಸಹ್ಯ ಎಂದೆ. ಅವಳು ತಲೆ ತಗ್ಗಿಸಿ ಹೊದ್ದುಕೊಂಡಳು. ಅಸಹ್ಯ — ಆ ಕೋಣೆಯಲ್ಲಿ ಅದು ಯಾರಿಗೆ ಸಲ್ಲಬೇಕಿತ್ತೋ ಅವಳ ಬಾಯಿಂದಲೇ ಬಂತು.

ಅವರೆಲ್ಲ ಹೋದ ಮೇಲೆ ಅಮ್ಮ ನನ್ನ ಪಕ್ಕ ಕುಳಿತರು.

"ಅವಳಿಗೆ ಹಾಲುಂಟು ಮಾರಾಯ್ತಿ. ಊರಲ್ಲಿ ಸಣ್ಣ ಮಗು ಬಿಟ್ಟು ಬಂದಿರ್ಬೇಕು. ಅವಳಿಗೂ ಸ್ವಲ್ಪ ಮೆಂತೆ ಗಂಜಿ ಕೊಡುವ."

"ಅವರಿಗೆ ಅದೆಲ್ಲ ಬೇಡಮ್ಮ. ಆಫ್ರಿಕಾದವರು ಗಟ್ಟಿ. ಹೆತ್ತ ಮರುದಿನ ಗದ್ದೆಗೆ ಇಳಿತಾರೆ."

ಆಫ್ರಿಕಾವನ್ನು ನಾನು ನೋಡಿದವಳೇ ಅಲ್ಲ. ನಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದ ಹೆಂಗಸರ ಬಗ್ಗೆ ಮನೆಯ ಹಿರಿಯರು ಹೇಳುತ್ತಿದ್ದ ಮಾತು ಅದು. ಅದನ್ನೇ ವಿಮಾನ ಹತ್ತಿಸಿ ತಂದು, ಅವರಿಗಿಂತಲೂ ಕಪ್ಪಗಿದ್ದ ಒಬ್ಬಳ ಮೈಮೇಲೆ ಹೊರಿಸಿದೆ. ಮೈ ಕಪ್ಪಾದಷ್ಟೂ ನೋವು ಕಡಿಮೆ ಎಂದು ನನಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ಆದರೂ ನಾನು ಕಲಿತಿದ್ದೆ.

ಕೆಲವು ದಿನಗಳ ಮೇಲೆ, ಎಣ್ಣೆ ತಿಕ್ಕುವಾಗ ಅವಳ ಅಂಗೈ ಸುಡುತ್ತಿತ್ತು. ತನ್ನ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: "ಮ್ಯಾಡಮ್, ಎದೆ ಕಲ್ಲಾಗಿದೆ. ಜ್ವರ ಬಂದಿದೆ. ಇವತ್ತೊಂದು ದಿನ ಮಲಗಲಾ?"

ಮೊದಲ ಹೆರಿಗೆಯಲ್ಲಿ ನನಗೂ ಹೀಗೇ ಆಗಿತ್ತು. ಹಾಲು ಕಟ್ಟಿಕೊಂಡು, ಬಟ್ಟೆ ತಾಗಿದರೂ ಕಿರುಚುತ್ತಿದ್ದೆ. ಗಂಡ ರಜೆ ಹಾಕಿ ನನ್ನನ್ನು ಆಸ್ಪತ್ರೆಗೆ ಒಯ್ದಿದ್ದರು. ಆ ನೋವಿನ ಪರಿಚಯ ನನ್ನ ಮೈಗೇ ಇತ್ತು. ಹಾಗಿದ್ದೂ ನನಗೆ ಮೊದಲು ಹೊಳೆದದ್ದು — ಇವಳು ಮಲಗಿದರೆ ನನಗೆ ನೀರು ಹೊಯ್ಯುವವರು ಯಾರು?

ಅಮ್ಮ ಒಳಗೆ ಮಲಗಿದ್ದರು. ನಾನು ಏಜೆನ್ಸಿಗೆ ಫೋನು ಮಾಡಿ, ಹೆರಿಗೆಯಾದದ್ದನ್ನು ಮುಚ್ಚಿಟ್ಟು ಇವಳು ನಮಗೆ ಮೋಸ ಮಾಡಿದ್ದಾಳೆ ಎಂದೆ. ಅವಳು ಮುಚ್ಚಿಟ್ಟಿರಲಿಲ್ಲ. ನಾವು ಕೇಳಿರಲಿಲ್ಲ, ಅಷ್ಟೇ. "ಖಲಾಸ್ ಮ್ಯಾಡಮ್, ಬೇರೆಯವಳನ್ನು ಕಳಿಸ್ತೇವೆ" ಎಂದ ಆತ.

ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಏಜೆನ್ಸಿಯ ಗಾಡಿ ಬಂತು. ಶಾಲು ಹೊದ್ದು ನಡುಗುತ್ತಿದ್ದ ಅಕಿನಿ ಬಾಗಿಲ ಬಳಿ ತಿರುಗಿ ನಿಂತಳು. "ಡಾಕ್ಟರ ಹತ್ತಿರವಾ ಮ್ಯಾಡಮ್?"

ನಾನು ಹೌದೆಂದು ತಲೆಯಾಡಿಸಿದೆ. ಅವಳು ನನಗೆ ಥ್ಯಾಂಕ್ಸ್ ಹೇಳಿ ಇಳಿದುಹೋದಳು.

ಮೋಸಗಾತಿ ಎಂಬ ಹೆಸರು ಹೊತ್ತು ಅವಳು ಊರಿಗೆ ವಾಪಸಾದಳೆಂದು ಆಮೇಲೆ ತಿಳಿಯಿತು. ಯಾವ ಮಗುವಿಗಾಗಿ ಸಮುದ್ರ ದಾಟಿ ಬಂದಿದ್ದಳೋ ಅದರ ಮುಂದೆ ಬರಿಗೈಯಲ್ಲಿ... ಆ ದಿನ ಅಮ್ಮ ಎದ್ದು ಕೇಳಿದಾಗ, ಅವಳೇ ಹೋಗುತ್ತೇನೆ ಅಂದಳು ಎಂದೆ. "ಮಗುವಿನ ನೆನಪಾಗಿರ್ಬೇಕು, ಪಾಪ" ಎಂದರು ಅಮ್ಮ. ನನ್ನ ಸುಳ್ಳಿಗೂ ಒಂದು ಒಳ್ಳೆಯ ಕಾರಣ ಹುಡುಕಿಕೊಟ್ಟರು.

ಆಮೇಲೆ ಉಗಾಂಡಾದವಳೊಬ್ಬಳು ಬಂದಳು. ಹಿಂದಿನವಳನ್ನು ಜ್ವರ ಬಂದಾಗ ಕಳಿಸಿಬಿಟ್ಟೆವು ಎಂದು ಬಂದ ದಿನವೇ ಅವಳ ಕಿವಿಗೆ ಹಾಕಿದೆ. ನಮ್ಮಲ್ಲಿದ್ದಷ್ಟು ಕಾಲವೂ ಅವಳು ಒಮ್ಮೆಯೂ ತಲೆನೋವು ಎನ್ನಲಿಲ್ಲ. ನಾನು ಹೋದ ಹೋದ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ — ಆಫ್ರಿಕಾದವರನ್ನೇ ಇಟ್ಟುಕೊಳ್ಳಿ, ಅವರಿಗೆ ಕಾಯಿಲೆಯೇ ಬರುವುದಿಲ್ಲ. ಹೆದರಿಸಿ ಬಾಯಿ ಮುಚ್ಚಿಸಿದವಳೂ ನಾನು, ಆ ಮೌನವನ್ನು ಆರೋಗ್ಯವೆಂದು ಹೊಗಳಿದವಳೂ ನಾನು. ಥೂ.

ಇಷ್ಟು ವರ್ಷ ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಆರಾಮವಾಗಿಯೇ ಇದ್ದೆ. ಇವತ್ತು ಬೆಳಿಗ್ಗೆ ದೋಹಾದ ಪಕ್ಕದ ಲುಸೈಲಿನಿಂದ ಅಣ್ಣನ ಮಗಳ ಫೋನು ಬಂತು. ಅವಳಿಗೆ ಮೊದಲ ಹೆರಿಗೆಯಾಗಿದೆ.

"ಅತ್ತೆ, ನಮ್ಮ ಘಾನಾದವಳು ನಿನ್ನೆಯಿಂದ ಹೊಟ್ಟೆನೋವು ಅಂತ ಮಲಗಿದ್ದಾಳೆ. ನಾಟಕ ಅಲ್ವಾ? ಅವರು ಗಟ್ಟಿ ಅಂತ ನೀವೇ ಹೇಳಿದ್ದಲ್ಲ."

ನನ್ನದೇ ಮಾತು ಅವಳ ಬಾಯಲ್ಲಿ ಬಂದಿತ್ತು. ಮೊದಲು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು, ನಾನು ಹೇಳಿದ್ದು ಸುಳ್ಳು ಎಂದೆ. ಅಕಿನಿಯ ವಿಷಯ ಒಂದನ್ನೂ ಬಿಡದೆ ಹೇಳಿದೆ.

"ಅಜ್ಜಿಗೆ ಗೊತ್ತುಂಟಾ?" ಎಂದು ಕೇಳಿದಳು.

ಗೊತ್ತಿಲ್ಲ. ಇವತ್ತು ಸಂಜೆ ಅಮ್ಮನಿಗೆ ಫೋನು ಮಾಡಿ ಹೇಳುತ್ತೇನೆ. ಅಮ್ಮ ಬೈಯಲಾರರು. ಅವರು ಮೊದಲು ಕೇಳುವುದು ಅಕಿನಿಯ ಮಗುವಿನ ವಿಷಯ. ನನ್ನ ಬಳಿ ಹೇಳಲು ಏನೂ ಇಲ್ಲ. ಅದು ಹೆಣ್ಣೋ ಗಂಡೋ ಎಂದು ಕೂಡ ನಾನು ಅವಳನ್ನು ಕೇಳಿರಲಿಲ್ಲ.