ಗೋಡೆಯಾಚೆಯ ಕತ್ತರಿ

ನಮ್ಮ ಮನೆಗೂ ಅವನ ಕಟಿಂಗ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಬೀದಿಯವರೆಲ್ಲ ಅವನನ್ನು ಕತ್ತರಿ ಎನ್ನುತ್ತಾರೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕೂತವನ ಕುತ್ತಿಗೆಗೆ ಬಟ್ಟೆ ಕಟ್ಟಿ, ತಲೆ ಬಗ್ಗಿಸಿ, ಮನೆಯ ಮಾತೆಲ್ಲ ಹೊರಗೆ ತೆಗೆಯುತ್ತಾನೆ. ತೆಗೆದದ್ದನ್ನು ಮುಂದಿನವನಿಗೆ ಬಡಿಸುತ್ತಾನೆ. ನನ್ನ ಅಳಿಯನನ್ನು ಬಾಯ್ತುಂಬ ಭಾವ ಎಂದು ಕರೆಯುತ್ತಿದ್ದ.

ಅಳಿಯ ಲಾರಿ ಡ್ರೈವರು. ದಾರಿಯಲ್ಲಿ ನಿದ್ದೆ ಬಾರದಿರಲೆಂದು ಲಾರಿ ಮಾಲೀಕನೇ ಮಾತ್ರೆ ಕೊಡುತ್ತಿದ್ದ. ಅದು ಚಟವಾಯಿತು. ಮಗಳು ಅತ್ತು ಕರೆದು, ಆಸ್ಪತ್ರೆಗೆ ಸೇರಿಸಿ ಬಿಡಿಸಿದಳು. ಬಿಟ್ಟ ಮೇಲೆ ಸರ್ಕಾರದ ಹೊಸ ಕಾನೂನು ಬಂತು. ದೇಶದಲ್ಲಿ ನಶೆಯ ಬೇರನ್ನೇ ಕೀಳುತ್ತಾರಂತೆ. ಕೀಳಲು ಹೊರಟದ್ದು, ಪರೀಕ್ಷೆಗೆಂದು, ಡ್ರೈವರುಗಳ ಕೂದಲು. ತಿಂಗಳುಗಳ ಹಿಂದೆ ನುಂಗಿದ್ದೂ ಅದರಲ್ಲಿ ಕಾಣುತ್ತದಂತೆ. ಕಂಡರೆ ಲೈಸೆನ್ಸ್ ರದ್ದು. ಬಿಟ್ಟವನಿಗೂ ಬಿಡದವನಿಗೂ ಒಂದೇ ಬರೆ. ಮಾತ್ರೆ ಕೊಟ್ಟವನ ಕೂದಲನ್ನು ಯಾರೂ ಕೇಳಲಿಲ್ಲ.

ಮೈಮೇಲೆ ಕೂದಲೇ ಇಲ್ಲದವನು ಅದು ಬೆಳೆದ ಮೇಲೆ ಬರಬೇಕು ಎಂದು ನಿಯಮವಿತ್ತು. ಹೊಸದಾಗಿ ಬೆಳೆದದ್ದು ಚೊಕ್ಕವಾಗಿರುತ್ತದೆ, ಕೆಲಸ ಉಳಿಯುತ್ತದೆ ಎಂದು ಅಳಿಯ ಕತ್ತರಿಯ ಬಳಿ ಹೋದ. ಗೋಡೆಗೆ ಕಿವಿ ಕೊಡುವ ಅಗತ್ಯವೇ ಇರಲಿಲ್ಲ, ಎಲ್ಲ ಕೇಳುತ್ತಿತ್ತು.

"ಪೂರ್ತಿ ಬೋಳಿಸಪ್ಪ. ಎದೆ, ಕೈಕಾಲು, ಏನೂ ಬಿಡಬೇಡ."

"ಏನ್ ಭಾವ, ಅಕ್ಕ ಮನೆಯಿಂದ ಓಡಿಸಿದ್ಲಾ? ಸನ್ಯಾಸಾನಾ?"

"ಟೆಸ್ಟ್ ಕಣಯ್ಯ. ಬಿಟ್ಟಿದ್ದೀನಿ, ಆದ್ರೂ ಹಳೇದು ಸಿಕ್ಕಿಬಿಡುತ್ತೆ."

"ನನ್ ಹತ್ರ ಹೇಳಿದ್ದು ಬಾವಿಗೆ ಹಾಕಿದ ಕಲ್ಲು, ಭಾವ."

ಪರೀಕ್ಷೆಗೆ ಕರೆ ಬಂತು. ಅಧಿಕಾರಿ ಅಳಿಯನ ಬೋಳುತಲೆ ನೋಡಿ ನಕ್ಕು, ಮೇಜಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿದನಂತೆ. ಒಳಗೆ ಅಳಿಯನದೇ ಕೂದಲು. ಕತ್ತರಿ ಗುಡಿಸಿ ಎಸೆದಿರಲಿಲ್ಲ, ಕಟ್ಟಿಕೊಟ್ಟಿದ್ದ. ಸುಳಿವು ಕೊಟ್ಟವರಿಗೆ ಸರ್ಕಾರ ಮೆಚ್ಚುಗೆ ಪತ್ರ ಕೊಡುತ್ತದೆ. ಅದೀಗ ಅವನ ಕನ್ನಡಿಯ ಮೇಲೆ, ಗಾಜಿನ ಚೌಕಟ್ಟಿನಲ್ಲಿದೆ. ಅಳಿಯನ ಲೈಸೆನ್ಸ್ ಹೋಯಿತು. ಮಾಲೀಕ ಬೇರೆ ಡ್ರೈವರನ್ನು ಹುಡುಕಿಕೊಂಡ, ಅವನಿಗೂ ಮಾತ್ರೆ ಕೊಡುತ್ತಿರಬೇಕು.

ಸುದ್ದಿ ಹರಡಿತು. ಮೊದಮೊದಲು ಗಿರಾಕಿಗಳು ತಮ್ಮ ಕೂದಲನ್ನು ತಾವೇ ಗುಡಿಸಿ, ಕವರಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಆಮೇಲೆ ಬರುವುದನ್ನೇ ಬಿಟ್ಟರು.

ಅಳಿಯನ ತಲೆಯಲ್ಲಿ ಮತ್ತೆ ಕೂದಲು ತುಂಬಿತು. ಮಗಳು ಹಿತ್ತಲಲ್ಲಿ ಕೂರಿಸಿ ಕತ್ತರಿಸಿದಳು. ಉದುರಿದ್ದನ್ನು ಬಾಚಿ ಬೆಂಕಿಗೆ ಹಾಕಿದೆ. ಗೋಡೆಯಾಚೆಯಿಂದ ಕತ್ತರಿ ಕೇಳಿದ:

"ದೊಡ್ಡಮ್ಮ, ಏನೋ ಸೀದ ವಾಸನೆ?"

"ಕೂದಲು ಕಣಪ್ಪ. ಪಾಪ, ನಿಂಗ್ಯಾಕೆ ಗುಡಿಸಿ ಕಟ್ಟೋ ಕಷ್ಟ ಅಂತ."

ಖಾಲಿ ಕುರ್ಚಿಯನ್ನು ತಿರುಗಿಸುವ ಕಿರ್ರ್ ಸದ್ದು ಮಾತ್ರ ಕೇಳಿತು.