ಚಪ್ಪಲಿ ಕಾಯುವ ಜಾಗ

ನನ್ನ ಗಂಡ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದರು. ಬೆಳಿಗ್ಗೆ ಮಕ್ಕಳಿಗೆ ಪ್ರಾರ್ಥನೆ ಹೇಳಿಸುವ ಕೆಲಸ. ದಿನಾ ಅದೇ ಹಾಡು. ಒಂದು ಸ್ವರ ಆಚೀಚೆ ಆದರೂ ಹೆಡ್‌ಮಾಸ್ಟರ್ ಕರೆಸುತ್ತಿದ್ದರು. ಆ ಸಿಟ್ಟನ್ನು ಇವರು ಸಂಜೆ ತೀರಿಸಿಕೊಳ್ಳುತ್ತಿದ್ದರು.

ಸಂಜೆ ನಮ್ಮ ಬೀದಿಯ ಸಮುದಾಯ ಭವನದಲ್ಲಿ ಜನ ಸೇರುತ್ತಿದ್ದರು. ಟೈಲರ್, ಆಸ್ಪತ್ರೆಯ ನರ್ಸ್, ಶಾಲೆಯ ಮಕ್ಕಳು. ಸುತ್ತ ಕೂರುವುದು. ಇವರು ಹಾರ್ಮೋನಿಯಂನಲ್ಲಿ ಒಂದು ಸಾಲು ನುಡಿಸಿದರೆ ಪಕ್ಕದವರು ಅದಕ್ಕೆ ತಮ್ಮದೊಂದು ಸಾಲು ಸೇರಿಸಬೇಕು, ಹಾಡಿಯೋ, ಕೊಳಲು ಊದಿಯೋ, ಡಬ್ಬ ಬಡಿದೋ. ಬಾಯಿಪಾಠ ಮಾಡಿ ಬರುವ ಹಾಗಿಲ್ಲ. ಒಮ್ಮೆ ಬಂದದ್ದು ಮತ್ತೆ ಬರುವ ಹಾಗಿಲ್ಲ. ಬಂದರೆ ಇವರು "ಎಂಜಲು" ಅನ್ನುತ್ತಿದ್ದರು. ಎಂಜಲು ಬಡಿಸಿದವರು ಎದ್ದು ಹೋಗಿ ಬಾಗಿಲಲ್ಲಿ ಚಪ್ಪಲಿ ಕಾಯಬೇಕು.

ಟೈಲರ್ ಅಲ್ಲೇ ಹೆಚ್ಚು ಕೂತವನು. ಊರಿಗೆಲ್ಲ ಒಂದೇ ಅಳತೆಯಲ್ಲಿ ಹೊಲಿಯುವವನ ತಲೆಗೆ ಇನ್ನೇನು ಹೊಳೆಯುತ್ತದೆ ಎಂದು ಎಲ್ಲರ ಮುಂದೆ ಅನ್ನುತ್ತಿದ್ದರು. ಎದುರು ಮನೆಯ ಹುಡುಗಿಯನ್ನು ಗುಬ್ಬಿ ಅನ್ನುತ್ತಿದ್ದೆವು. ಚಿಕ್ಕವಳಿದ್ದಾಗ ಅವಳೂ ಚಪ್ಪಲಿಗಳ ನಡುವೆ ಕೂತು ಬಿಕ್ಕಿದ್ದಳು. ನಾನು ನೀರು ಕೊಡಲು ಹೋದರೆ ತಡೆದರು. ಅಳಲಿ, ಅತ್ತರೆ ಹೊಸದು ಹುಟ್ಟುತ್ತದೆ ಅಂದರು. ಹುಟ್ಟಿತು ಕೂಡ. ಅವಳು ಮತ್ತೆ ಆ ಬಾಗಿಲಿಗೆ ಹೋಗಲಿಲ್ಲ. ಇಂಥವಳು ನನಗೆ ಮಗಳಾಗಬೇಕಿತ್ತು ಅನ್ನುತ್ತಿದ್ದರು. ನಮಗೆ ಮಕ್ಕಳಿಲ್ಲ. ಆ ಮಾತನ್ನು ನನ್ನ ಮುಂದೆಯೇ ಅನ್ನುತ್ತಿದ್ದರು.

ನಾನು ಲೋಟ ತೊಳೆಯುವವಳು. ನನ್ನನ್ನು ಯಾವತ್ತೂ ಸುತ್ತಿನಲ್ಲಿ ಕೂರಿಸಲಿಲ್ಲ.

ನಿವೃತ್ತಿ ಆದಮೇಲೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ಉಳಿಯಿತು, ಬೈಗುಳವೂ ಉಳಿಯಿತು. ಭವನದಲ್ಲಿ ಗುಬ್ಬಿ ಇವರ ಜಾಗದಲ್ಲಿ ಕೂತು ನಡೆಸತೊಡಗಿದಳು. ಇವರಿಗೆ ಔಷಧಿ ಬೇಡ, ಊಟ ಬೇಡ. ಮತ್ತೆ ಆ ಸುತ್ತಿನಲ್ಲಿ ಕೂರಬೇಕು, ಅದೊಂದೇ.

ಹಾರ್ಮೋನಿಯಂಗೆ ಒಂದು ಕೈ ಗಾಳಿ ಹಾಕಬೇಕು, ಒಂದು ಕೈ ನುಡಿಸಬೇಕು. ಗಾಳಿ ನಾನು ಹಾಕಿದೆ. ಬಲಗೈ ಬೆರಳು ಓಡಿದವು. ಬರುತ್ತಿದ್ದುದು ಮಾತ್ರ ಒಂದೇ ಸಾಲು. ಮೇಲೆ ಹತ್ತಿ, ಅಲ್ಲೊಂದು ಕ್ಷಣ ತಡೆದು, ಜಾರಿ ಕೆಳಗಿಳಿಯುವ ಸಾಲು. ಗಾಣದ ಎತ್ತಿನ ಹಾಗೆ ಬೆರಳು ಅಲ್ಲಲ್ಲೇ ಸುತ್ತುತ್ತಿದ್ದವು. ಇವರಿಗೆ ಪ್ರತಿಸಲವೂ ಅದು ಹೊಸದು.

"ರೀ, ಅದೇ ಬರ್ತಾ ಇದೆ," ಅಂದೆ.

"ನಿಂಗೇನು ಗೊತ್ತು? ಗಾಳಿ ಹಾಕು."

ಹಾಕಿದೆ.

ಕೊನೆಗೆ ಬೀದಿಯವರು ಇವರನ್ನು ಕುರ್ಚಿಯಲ್ಲಿ ಕೂರಿಸಿ ಭವನಕ್ಕೆ ಹೊತ್ತುಕೊಂಡು ಹೋದರು. ಎಲ್ಲರೂ ಎದ್ದು ನಿಂತರು. ಗಾಳಿ ಹಾಕಬೇಕಲ್ಲ, ಹಾಗಾಗಿ ನನಗೂ ಸುತ್ತಿನಲ್ಲಿ ಜಾಗ ಸಿಕ್ಕಿತು. ಮೊದಲ ಸರದಿಯಲ್ಲಿ ಆ ಸಾಲು ನುಡಿಸಿದರು. ಜನ ತಲೆದೂಗಿದರು. ಎರಡನೇ ಸರದಿಯಲ್ಲೂ ಅದೇ. ನರ್ಸ್ ನೆಲ ನೋಡಿದಳು. ಮೂರನೇ ಸಲವೂ ಅದೇ ಬಂದಾಗ ಟೈಲರ್ ಬಾಗಿಲ ಕಡೆ ಕೈ ತೋರಿಸಿದ.

"ಬನ್ನಿ ಮೇಷ್ಟ್ರೇ. ಜಾಗ ಬೆಚ್ಚಗೆ ಮಾಡಿಟ್ಟಿದ್ದೀನಿ."

ಎಲ್ಲರೂ ನಕ್ಕರು. ತಮಾಷೆ ಅಂದುಕೊಂಡು ಇವರೂ ನಕ್ಕರು. ನಗುತ್ತಲೇ ಮತ್ತೆ ಅದನ್ನೇ ನುಡಿಸಿದರು. ನಗು ನಿಂತಿತು. ಆಗ ಗುಬ್ಬಿ ಮಾತಾಡಿದಳು. ದನಿ ಏರಿಸಲಿಲ್ಲ.

"ಸರ್, ಎಂಜಲು. ನಿಯಮ ನಿಮ್ದೇ ಅಲ್ವಾ."

ಇವರು ನನ್ನ ಮುಖ ನೋಡಿದರು. "ಅದೇನಾ ಬಂದಿದ್ದು?"

"ಹೌದು. ಅದೇ."

ಕಂಕುಳಿಗೆ ಕೈ ಕೊಟ್ಟು ನಾನೇ ಎಳೆದುಕೊಂಡು ಹೋದೆ. ಯಾರೂ ಏಳಲಿಲ್ಲ. ಚಪ್ಪಲಿ ಸರಿಸಿ ಕೂರಿಸಿದೆ. ಒಳಗೆ ಸುತ್ತು ಮುಂದುವರಿಯಿತು. ಅವತ್ತು ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಇವರ ಬಲಗಾಲು ತಾಳ ಹಾಕುತ್ತಿತ್ತು. ಮನೆಗೆ ಬಂದಮೇಲೆ ಇವರು ಮತ್ತೆ ಹಾರ್ಮೋನಿಯಂ ಪೆಟ್ಟಿಗೆ ಮುಟ್ಟಲಿಲ್ಲ. ಅನ್ನ ಕಲಸಿ ಬಾಯಿಗಿಟ್ಟರೆ ಮುಖ ತಿರುಗಿಸಿದರು. ಹಾಗೇ ಹೋದರು.

ಟೈಲರ್ ಹೆಗಲು ಕೊಟ್ಟ. ಭವನದಲ್ಲಿ ಶ್ರದ್ಧಾಂಜಲಿ ಮಾಡಿದರು. ಎಲ್ಲರೂ ಒಂದೊಂದು ಸಾಲು ನುಡಿಸಿದರು, ಎಲ್ಲ ಹೊಸದೇ.

ಆಮೇಲೆ ಗುಬ್ಬಿ ಮನೆಗೆ ಬಂದಳು. ಹಾರ್ಮೋನಿಯಂ ಇಲ್ಲಿದ್ದರೆ ಇಲಿ ಪಾಲಾಗುತ್ತದೆ, ಭವನಕ್ಕೆ ಕೊಡಿ ಅಂದಳು. ನಾನು ಮುಚ್ಚಳ ತೆಗೆದು ಅವಳ ಮುಂದೆ ಇಟ್ಟೆ.

"ಅವರ ಆ ಸಾಲು ಒಂದು ಸಲ ನುಡಿಸು. ನುಡಿಸಿ ತಗೊಂಡು ಹೋಗು."

ಅವಳು ನುಡಿಸಿದಳು. ಇಂಪಾಗಿಯೇ ಇತ್ತು. ಅದಲ್ಲ ಅಂದೆ. ಇನ್ನೊಂದು ನುಡಿಸಿದಳು. ಅದೂ ಅಲ್ಲ. ಬೆವರಿದಳು. ಬೆರಳಿಟ್ಟಲ್ಲೆಲ್ಲ ಹೊಸದೇ ಬರುತ್ತಿತ್ತು. ಕೇಳಿದ್ದನ್ನು ಮರೆತುಬಿಡುವುದನ್ನು ಅಷ್ಟು ಚೆನ್ನಾಗಿ ಕಲಿಸಿದ್ದರು ಇವರು. ನನಗೆ ಮಾತ್ರ ಅದು ನಿದ್ದೆಯಲ್ಲೂ ಬರುತ್ತದೆ. ಗಾಳಿ ಹಾಕಿದವಳು ನಾನು.

"ಅಮ್ಮಾ, ನೀವೇ ಒಂಚೂರು ಗುನುಗಿ," ಅಂದಳು. ಕಣ್ಣಲ್ಲಿ ನೀರಿತ್ತು.

ನಾನು ಗುನುಗಲಿಲ್ಲ. ಪೆಟ್ಟಿಗೆ ಮುಚ್ಚಿದೆ. ಅವಳು ಬರಿಗೈಯಲ್ಲಿ ಎದ್ದು ಹೋಗಿ ಹೊಸ್ತಿಲಾಚೆ ಕೂತು ಚಪ್ಪಲಿ ಹಾಕಿಕೊಂಡಳು. ಪಟ್ಟಿ ಕೈಗೆ ಸಿಗದೆ ಬಹಳ ಹೊತ್ತು ಹಿಡಿಯಿತು. ನಾನು ನಿಂತು ನೋಡಿದೆ.