ತೂತು ಬಿದ್ದ ಚಿಪ್ಪುಗಳು

ಸ್ಪಂಜು ಒಂದು ಪ್ರಾಣಿ ಎಂದು ನನಗೆ ಮೊದಲು ಹೇಳಿದವರು ನನ್ನ ಗಂಡ. ಬೆಳ್ತಂಗಡಿ ಕಡೆಯವಳಾದ ನಾನು ಮದುವೆಯ ತನಕ ಸಮುದ್ರವನ್ನೇ ನೋಡಿರಲಿಲ್ಲ, ಹಾಗಾಗಿ ನಂಬಲಿಲ್ಲ. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಅವರು ಮೂಡುಬಿದಿರೆಯಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ನಮ್ಮ ಮನೆ ಬಂಟ್ವಾಳದ ಪಕ್ಕದ ನರಿಕೊಂಬಿನಲ್ಲಿತ್ತು. ಸಮುದ್ರ ದೂರವಾದರೂ ಬಂಟ್ವಾಳದ ಸುಣ್ಣದ ಗೂಡಿಗೆ ಕರಾವಳಿಯ ಚಿಪ್ಪು ಲಾರಿಯಲ್ಲಿ ಬಂದು ಬೀಳುತ್ತಿತ್ತು. ಅದನ್ನು ಸುಡುವ ಮೊದಲು ಅವರು ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಆರಿಸುತ್ತಿದ್ದರು.

ಗೂಡಿನ ಯಜಮಾನರಾದ ಬ್ಯಾರಿಗೆ ಅದೊಂದು ತಮಾಷೆ. “ಏನು ಮಾಷ್ಟ್ರೇ, ಎಲ್ಲರಿಗೆ ಗಟ್ಟಿ ಚಿಪ್ಪು ಬೇಕು, ನಿಮಗೆ ತೂತಾದದ್ದೇ ಬೇಕಾ? ಹೆಣ್ಣು ನೋಡ್ಲಿಕ್ಕೂ ಹೀಗೆಯೇ ಹೋದದ್ದಾ?”

“ಅದರಲ್ಲಿ ಮಾತ್ರ ಮೋಸ ಆಗ್ಲಿಲ್ಲ ಮಾರಾಯ್ರೇ,” ಎಂದರು ಇವರು, ನಾನು ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದಾಗ.

ಆ ತೂತು ಕೊರೆಯುವುದು ಕ್ಲಿಯೋನ ಎಂಬ ಕುಲದ ಸ್ಪಂಜು. ಹೊರಗೆ ಕಾಣುವುದು ಮೊಳೆ ತಾಗಿದಷ್ಟು ಗುರುತು. ಚಿಪ್ಪು ಒಡೆದರೆ ಒಳಗೆಲ್ಲ ಕೋಣೆಗಳು, ಒಂದರಿಂದ ಇನ್ನೊಂದಕ್ಕೆ ದಾರಿ, ಅದರಲ್ಲಿ ಒಣಗಿ ಅಂಟಿದ ಹಳದಿ ಮಾಂಸ. ಬದುಕಿರುವಾಗ ಕೆಲವು ತೂತುಗಳಿಂದ ನೀರು ಎಳೆದುಕೊಂಡು ಬೇರೆ ತೂತುಗಳಿಂದ ಬಿಡುತ್ತದಂತೆ. ಬಾಯಿಲ್ಲ, ಹೊಟ್ಟೆಯಿಲ್ಲ.

ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ಚಿಪ್ಪಿನೊಳಗಿನ ಜೀವಕ್ಕೆ ಗೊತ್ತಾಗುವುದಿಲ್ವಾ?” ಎಂದು ಕೇಳಿದ್ದೆ.

“ಗೊತ್ತಾಗ್ತದೆ. ಅದು ಒಳಗಿನಿಂದ ಹೊಸ ಪದರ ಕಟ್ತಾ ಹೋಗ್ತದೆ, ಇದು ಕೊರೀತಾ ಬರ್ತದೆ.”

“ಕೊನೆಗೆ?”

ಅವರು ಚಿಪ್ಪನ್ನು ಎರಡು ಬೆರಳಲ್ಲಿ ಒತ್ತಿದರು. ರಸ್ಕಿನಂತೆ ಪುಡಿಯಾಯಿತು.

ಈ ಸ್ಪಂಜಿನ ಜಾತಿಗಳನ್ನು ಹೊರರೂಪದಿಂದ ಮಾತ್ರ ಗುರುತಿಸಲಾಗದು. ಮಾಂಸದೊಳಗೆ ಗಾಜಿನಂಥ ಸೂಕ್ಷ್ಮ ಸೂಜಿಗಳಿವೆ. ಕೆಲವು ಜಾತಿಯಲ್ಲಿ ತಲೆಯಿರುವ ಗುಂಡುಸೂಜಿಯಂಥವು ಮಾತ್ರ, ಕೆಲವದರಲ್ಲಿ ಜೊತೆಗೆ ತಿರುಚಿದ ಚಿಕ್ಕ ತುಂಡುಗಳೂ ಇರುತ್ತವೆ. ಗೋಡೆಯಲ್ಲಿ ಕರಾವಳಿಯ ನಕ್ಷೆ ಅಂಟಿಸಿ, ಉಳ್ಳಾಲದಿಂದ ಕುಂದಾಪುರದವರೆಗೆ ಎಲ್ಲಿಯ ಚಿಪ್ಪಿನಲ್ಲಿ ಯಾವುದು ಸಿಕ್ಕಿತೆಂದು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದರು. ಉಪ್ಪು ಕಡಿಮೆಯಾಗುವ ಹೊಳೆಯ ಒಳಭಾಗದ ಚಿಪ್ಪಿನಲ್ಲಿ ತೂತೇ ಇರುತ್ತಿರಲಿಲ್ಲ. ಬೇಸಿಗೆ ರಜೆ ಮುಗಿಯುವ ಮೊದಲು ಆ ನಕ್ಷೆ ಮುಗಿಸುವುದು ಅವರ ಹಟವಾಗಿತ್ತು.

ಸೂಜಿ ಬೇರೆ ಮಾಡಲು ಚಿಪ್ಪಿನ ಚೂರನ್ನು ನೈಟ್ರಿಕ್ ಆಮ್ಲದಲ್ಲಿ ಕುದಿಸಬೇಕು. ಚಿಪ್ಪೂ ಮಾಂಸವೂ ಕರಗಿ ಸೂಜಿ ಉಳಿಯುತ್ತದೆ. ಆಮ್ಲವನ್ನು ಪೇಟೆಯ ಒಬ್ಬ ಅಕ್ಕಸಾಲಿಗರಿಂದ ತರುತ್ತಿದ್ದರು. “ಕೆಂಪು ಹೊಗೆ ಎದ್ದರೆ ಹೊರಗೆ ಬಂದುಬಿಡಿ ಮಾಷ್ಟ್ರೇ. ನನ್ನ ಅಪ್ಪ ಬರಲಿಲ್ಲ,” ಎಂದಿದ್ದರಂತೆ ಅವರು. ಇವರು ಬಚ್ಚಲುಕೋಣೆಯ ಕಿಟಕಿ ತೆರೆದಿಟ್ಟು ಸ್ಟವ್ ಹಚ್ಚುತ್ತಿದ್ದರು. ಹೊಗೆ ಅಂಗಳಕ್ಕೆ ಹೋಗುತ್ತಿತ್ತು.

ಆ ಮೇ ತಿಂಗಳ ಒಂದು ದಿನ ಅಂಗಳದಲ್ಲಿ ನನ್ನ ಹಲಸಿನ ಹಪ್ಪಳವಿತ್ತು. ಬೆಳಗ್ಗೆ ಸೊಳೆ ಬೇಯಿಸಿ, ಅರೆದು, ತಟ್ಟಿ, ಚಾಪೆ ತುಂಬ ಹರಡಿದ್ದೆ. ಬಿಸಿಲು ಬೀಳುವುದು ಆ ಕಿಟಕಿಯ ಬುಡದಲ್ಲೇ. ಪೂರ್ವದಲ್ಲಿ ಮೋಡ ಕಟ್ಟುತ್ತಿತ್ತು.

“ಕಿಟಕಿ ಹಾಕಿ,” ಎಂದೆ. “ಆ ಹೊಗೆ ತಾಗಿದ್ರೆ ತಿನ್ಲಿಕ್ಕುಂಟಾ?”

“ಒಳಗೆ ಉಸಿರು ಕಟ್ತದೆ ಮಾರಾಯ್ತಿ. ನಾಳೆ ಮಾಡ್ತೇನೆ.”

“ನಾಳೆಯೂ ಹಪ್ಪಳ ಉಂಟು. ಅರ್ಧ ಗಂಟೆ ಅಲ್ವಾ?”

ಅವರು ನಕ್ಕು ಒಳಗೆ ಹೋದರು. ಕಿಟಕಿಯ ಚಿಲಕ ಬಿದ್ದದ್ದು ಕೇಳಿಸಿತು.

ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ನಾಲ್ಕು ಸಲ ಕೆಮ್ಮಿ, ಮಜ್ಜಿಗೆ ಕುಡಿದು, ಗಾಜಿನ ನಳಿಕೆಯ ತಳದ ಬಿಳಿ ಹುಡಿಯನ್ನು ತೋರಿಸಿದರು. ಸಂಜೆ ನನ್ನ ಜೊತೆ ಕೂತು ಹಪ್ಪಳ ಮಗುಚಿದರು. ಏನೂ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಬಾವಿಯಿಂದ ಬಂದವರು ಮೆಟ್ಟಿಲಲ್ಲಿ ಕೂತರು, ಏಳಲಾಗಲಿಲ್ಲ. ತುಟಿ ನೀಲಿಯಾಗಿತ್ತು, ಎದೆಯಲ್ಲಿ ನೀರು ಕುದಿಯುವಂಥ ಸದ್ದು. ಬಾಡಿಗೆ ಕಾರಿನಲ್ಲಿ ಬಿ.ಸಿ.ರೋಡಿಗೆ ಒಬ್ಬ ಡಾಕ್ಟರ ಬಳಿ ಕರೆದೊಯ್ದೆ.

“ಹೊಗೆ ಏನಾದ್ರೂ ಕುಡಿದದ್ದುಂಟಾ?” ಎಂದು ಡಾಕ್ಟರು ಕೇಳಿದರು.

“ನಿನ್ನೆ ಸ್ವಲ್ಪ ಆಸಿಡ್ ಕಾಯಿಸಿದ್ದೆ.”

“ಕಿಟಕಿ ತೆರೆದಿತ್ತಾ?”

ಇವರು ನನ್ನ ಕಡೆ ನೋಡಿದರು. “ತೆರೆದಿತ್ತು,” ಎಂದರು.

“ಹಾಗಾದ್ರೆ ಅದಲ್ಲ. ಇದು ಗೂರಲು, ಅಸ್ತಮಾ.” ಡಾಕ್ಟರು ಇಂಜೆಕ್ಷನ್ ಕೊಟ್ಟು, ಕಡಿಮೆಯಾಗದಿದ್ದರೆ ಮಂಗಳೂರಿಗೆ ಕೊಂಡುಹೋಗಲು ಹೇಳಿದರು. ನಾನು ಗಂಡನ ಅಂಗಿಯ ತೋಳು ಹಿಡಿದು ನಿಂತಿದ್ದೆ.

ಕಡಿಮೆಯಾಗಲಿಲ್ಲ. ಕಾರು ಮಂಗಳೂರಿನ ಕಡೆ ಹೊರಟ ಮೇಲೆ, “ವಾಪಸು ಹೋಗುವ, ಡಾಕ್ಟರಿಗೆ ಸರಿ ಹೇಳ್ತೇನೆ,” ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಮಂಗಳೂರಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ನಮಗೆ ಅರ್ಧ ದಾರಿಯ ಫರಂಗಿಪೇಟೆಯವರೆಗೆ ಮಾತ್ರ ಸಮಯ ಸಿಕ್ಕಿತು.